ಎರೆಮಣ್ಣಿಗೆ ಸುಣ್ಣ ತಿನ್ನಿಸಿದ ಬೇಸಿಗೆ

ನಮ್ಮ ಕಡೆಯ ಎರೆಮಣ್ಣಿನ ವಿಷಯದಲ್ಲಿ ಹಗುರವಾಗಿ ಮಾತಾಡಬಾರದೆಂದು ನನಗೆ ಚಿಕ್ಕಂದಿನಿಂದಲೂ ಹೇಳಿಕೊಟ್ಟಿದ್ದಾರೆ. ಹತ್ತಿ, ತೊಗರಿ, ಬಿಳಿಜೋಳ ಎಲ್ಲವೂ ಅದು ಕೊಟ್ಟದ್ದೇ. ಸುರಪುರ, ಶಹಾಪುರದ ಸೀಮೆಯಲ್ಲಿ ಅದರ ಋಣದಲ್ಲಿ ಇಲ್ಲದವರು ಯಾರೂ ಇಲ್ಲ. ಆದರೆ ಅದೇ ಮಣ್ಣಿನ ಮೇಲೆ ರಸ್ತೆ ಮಾಡಲೆಂದು ಸರ್ಕಾರ ಸಂಬಳ ಕೊಟ್ಟು ಇಟ್ಟುಕೊಂಡ ಮನುಷ್ಯನಿಗೆ ಅದರ ಬಗ್ಗೆ ನಾಲ್ಕು ಮಾತು ಆಡುವ ಅಧಿಕಾರ ಇದೆಯೆಂದು ನಾನು ಸವಿನಯವಾಗಿ ನಂಬಿದ್ದೇನೆ. ಬೇಸಿಗೆಯಲ್ಲಿ ಅದು ಬಿರುಕು ಬಿಟ್ಟು ಬಾಯಿ ತೆರೆದುಕೊಂಡು ಮಲಗುತ್ತದೆ. ಆಡಿನ ಕಾಲು ಸಿಕ್ಕಿಕೊಂಡರೆ ಕಾಯುವವನೇ ಬಂದು ಬಿಡಿಸಬೇಕು. ಮಳೆ ಬಿದ್ದ ಕೂಡಲೇ ಉಬ್ಬಿ, ಅಂಟಾಗಿ, ದಾರಿಹೋಕರನ್ನೆಲ್ಲ ಕಾಲು ಹಿಡಿದು ನಿಲ್ಲಿಸಿಕೊಳ್ಳುತ್ತದೆ. ಇಷ್ಟು ಆತಿಥ್ಯ ಬೇರೆ ಯಾವ ಮಣ್ಣಿನಲ್ಲೂ ನಾನು ಕಂಡಿಲ್ಲ. ಅದರ ಮೇಲೆ ಹಾಸಿದ ಡಾಂಬರು ಮೊದಲ ಮಳೆಗಾಲದಲ್ಲಿ ಹಪ್ಪಳವಾಗುತ್ತದೆ, ಎರಡನೆಯದರಲ್ಲಿ ಸಂಡಿಗೆಯಾಗುತ್ತದೆ, ಮೂರನೆಯದರಲ್ಲಿ ಮತ್ತೆ ಟೆಂಡರ್ ಆಗುತ್ತದೆ.

ನಾನು ನಿವೃತ್ತನಾಗುವ ಮುಂಚಿನ ಕೊನೆಯ ಬೇಸಿಗೆಯ ಮಾತು ಇದು. ಆಗ ನಾನು ಶಹಾಪುರದಲ್ಲಿದ್ದೆ, ಕಿರಿಯ ಎಂಜಿನಿಯರ್. ತಲೆ ಪೂರ್ತಿ ನೆರೆತ ಮೇಲೂ ಮನುಷ್ಯನನ್ನು ಕಿರಿಯ ಎಂದು ಕರೆಯುವ ದೊಡ್ಡ ಮನಸ್ಸು ನಮ್ಮ ಇಲಾಖೆಗೆ ಇದೆ. ಕೆಂಭಾವಿಯ ದೊಡ್ಡ ರಸ್ತೆಯಿಂದ ಒಳಗೆ, ಎರೆಹೊಲಗಳ ನಡುವೆ ಕೂತ ಒಂದು ಸಣ್ಣ ಹಳ್ಳಿಗೆ ಹಾದಿ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ರಸ್ತೆಯ ತಳಕ್ಕೆ ಹಾಸುವ ಒಳ್ಳೆಯ ಗರಸು ಮಣ್ಣು ಅಲ್ಲಿಗೆ ತರಬೇಕೆಂದರೆ ವನದುರ್ಗದ ಗುಡ್ಡದ ಕಡೆಯಿಂದ ಲಾರಿಯಲ್ಲಿ ಹೊರಬೇಕು. ಹೊರುವುದರಲ್ಲೇ ರಸ್ತೆಯ ಅರ್ಧ ದುಡ್ಡು ಮುಗಿಯುತ್ತದೆ. ಆದ್ದರಿಂದ ಇದ್ದ ಮಣ್ಣನ್ನೇ ಅಗೆದು, ಪುಡಿ ಮಾಡಿ, ಸುಣ್ಣ ಬೆರೆಸಿ, ನೀರು ಹಾಕಿ, ರೋಲರ್ ಹೊಡೆದು ನೋಡಿ ಎಂದು ಮೇಲಧಿಕಾರಿಗಳು ಅಪ್ಪಣೆ ಮಾಡಿದರು. ಸುಣ್ಣ ಬೆರೆತ ಎರೆಮಣ್ಣು ನೀರು ಕಂಡು ಉಬ್ಬುವ ಚಾಳಿ ಬಿಡುತ್ತದೆ, ಕಾಲಿಗೆ ಅಂಟುವುದನ್ನೂ ಬಿಡುತ್ತದೆ ಎಂದು ಅವರು ಎಲ್ಲೋ ತರಬೇತಿಯಲ್ಲಿ ಕಲಿತು ಬಂದಿದ್ದರು. ತರಬೇತಿ ಅವರಿಗೆ, ಬಿಸಿಲು ನನಗೆ. ಇದು ನ್ಯಾಯವೇ, ಅವರು ಹಿರಿಯರು.

ಹಳ್ಳಿಯ ಮೊದಲ ಮನೆಯ ಮುಂದೆ ಒಂದು ಬೇವಿನ ಮರ ಇತ್ತು. ಅದರ ಬುಡದಲ್ಲಿ ನನ್ನ ಕಚೇರಿ ತೆರೆದೆ: ಒಂದು ಪ್ಲಾಸ್ಟಿಕ್ ಕುರ್ಚಿ, ಒಂದು ಕೊಡೆ, ಮಣ್ಣು ಪರೀಕ್ಷೆಯ ಒಂದು ಪೆಟ್ಟಿಗೆ. ಆ ಮನೆಯ ಯಜಮಾನಿ ಐವತ್ತು ದಾಟಿದ ಹೆಂಗಸು. ಗಂಡ ತೀರಿಕೊಂಡ ಮೇಲೆ ಹೊಲ, ದನ, ಮಗ ಮೂರನ್ನೂ ತಾನೇ ಸಂಬಾಳಿಸಿದಾಕೆ. ಮೊದಲ ದಿನವೇ ಚಹಾ ತಂದುಕೊಟ್ಟು ನನ್ನ ವಿಚಾರಣೆ ಆರಂಭಿಸಿದಳು.

"ಸಾಹೇಬ್ರ, ಈ ಸಡಕ ಮಳಿಗಾಲದಾಗ ನಿಲ್ತದೇನ್ರಿ?"

"ನಿಲ್ಲಬೇಕಮ್ಮಾ. ಅದಕ್ಕ ಮಾಡಾಕತ್ತೀವಿ."

"ಹಿಂದಿನವ್ರೂ ಹಂಗ ಅಂದಿದ್ರು. ಅವ್ರ ಮಾಡಿದ ಸಡಕ ಎಲ್ಲಿ ಹೋತು ಅಂತ ನಾವು ಇನ್ನಾ ಹುಡುಕಾಕತ್ತೀವಿ."

ಆಕೆ ಕೇಳಿದ್ದಕ್ಕೆ ಕಾರಣ ಇತ್ತು. ಮಗನಿಗೆ ಮೂವತ್ತು ದಾಟಿತ್ತು. ಸ್ವಂತ ಟ್ರ್ಯಾಕ್ಟರ್ ಇತ್ತು, ನೀರಾವರಿ ಇಲ್ಲದಿದ್ದರೂ ಕೈಹಿಡಿಯುವ ಹೊಲ ಇತ್ತು, ದುಶ್ಚಟವೆಂದರೆ ಮಾತಾಡದಿರುವುದು ಒಂದೇ. ಇಷ್ಟಾದರೂ ಅವನಿಗೆ ಕನ್ಯೆ ಸಿಕ್ಕಿರಲಿಲ್ಲ, ಯಾಕೆಂದರೆ ಅವನ ಮನೆ ಕೆಸರಿನ ಆಚೆ ಇತ್ತು. ಹಿಂದಿನ ಮಳೆಗಾಲದಲ್ಲಿ ಒಂದು ಹೆಣ್ಣಿನ ಕಡೆಯವರು ಮನೆತನ ನೋಡಲು ಬಂದಿದ್ದರಂತೆ. ಅವರ ಕ್ರೂಸರ್ ಅರ್ಧ ಹಾದಿಯಲ್ಲಿ ಹೂತಿತು. ಇಳಿದು ನಡೆದ ಹಿರಿಯರ ಒಂದು ಚಪ್ಪಲಿಯನ್ನು ಮಣ್ಣು ನುಂಗಿತು. ಅವರು ಉಳಿದ ಇನ್ನೊಂದನ್ನು ಕೈಯಲ್ಲಿ ಹಿಡಿದು, ಮನೆತನವನ್ನು ದೂರದಿಂದಲೇ ನೋಡಿ, ತಿರುಗಿ ಹೋದರು. ಚಪ್ಪಲಿಯ ಸುದ್ದಿ ಸುತ್ತಿನ ಊರಿಗೆಲ್ಲ ಮುಟ್ಟಿತು.

ಈಗ ಗೋಗಿಯ ಕಡೆಯಿಂದ ಹೊಸ ಸಂಬಂಧ ಬಂದಿತ್ತು. ಹುಡುಗಿ ಕೆಂಭಾವಿಯ ಸರ್ಕಾರಿ ದವಾಖಾನೆಯಲ್ಲಿ ನರ್ಸ್. ಹುಡುಗನನ್ನು ಅಲ್ಲಿಯೇ ಒಮ್ಮೆ ನೋಡಿ ಆಗಿತ್ತು, ಬೇಡ ಅನ್ನಲು ಕಾರಣ ಕಂಡಿರಲಿಲ್ಲ. ಆದರೆ ಹುಡುಗಿಯ ಸೋದರಮಾವ, ಶಹಾಪುರದಲ್ಲಿ ಹತ್ತಿ-ತೊಗರಿಯ ವ್ಯಾಪಾರಸ್ಥ, ಒಂದು ಕಟ್ಟಪ್ಪಣೆ ಕಳಿಸಿದ್ದ. ಬೇಸಿಗೆಯಲ್ಲಿ ಮನೆತನ ನೋಡಲು ಬರುವುದಿಲ್ಲ, ಬೇಸಿಗೆಯಲ್ಲಿ ಎಲ್ಲ ಊರಿಗೂ ಹಾದಿ ಇರುತ್ತದೆ. ಮಿರಗದ, ಅಂದರೆ ಮೃಗಶಿರೆಯ, ದೊಡ್ಡ ಮಳೆ ಬಿದ್ದ ಮರುದಿನ ಬರುತ್ತೇವೆ. ಗಾಡಿ ಬಾಗಿಲಿಗೆ ಬಂದರೆ ಮಾತು, ಬರದಿದ್ದರೆ ಮಾತಿಲ್ಲ.

"ಹಿಂಗದ ನೋಡ್ರಿ ನಮ್ಮ ಹಕೀಕತ್" ಎಂದು ಆಕೆ ಲೋಟ ತೆಗೆದುಕೊಂಡಳು. "ನಿಮ್ಮ ಸಡಕ ನಿಂತ್ರ ನನಗ ಸೊಸಿ. ಕುಂತ್ರ ನನ್ನ ಮಗ ನಿಮ್ಮ ಮನಿಗಿ ಬಂದು ಇರ್ತಾನ. ಚಹಾ ನೀವು ಮಾಡಿ ಹಾಕ್ರಿ."

ಇಲಾಖೆಯಲ್ಲಿ ರಸ್ತೆಯ ಗುಣಮಟ್ಟಕ್ಕೆ ಹಲವು ಪರೀಕ್ಷೆಗಳಿವೆ. ಸೋದರಮಾವನ ಪರೀಕ್ಷೆ ಅವುಗಳಲ್ಲಿ ಸೇರಿಲ್ಲ. ಸೇರಿಸಬಹುದಿತ್ತು.

ನಮ್ಮದೇ ಪರೀಕ್ಷೆಗಳಲ್ಲಿ ಒಂದು ಹೀಗಿದೆ. ಒದ್ದೆ ಮಣ್ಣನ್ನು ಗಾಜಿನ ಹಲಗೆಯ ಮೇಲಿಟ್ಟು ಅಂಗೈಯಿಂದ ಹೊಸೆಯಬೇಕು. ಎಷ್ಟು ಹೊಸೆದರೂ ತುಂಡಾಗದೆ ಎಳೆ ಬರುತ್ತಿದ್ದರೆ ಮಣ್ಣು ಜಿಗುಟು, ರಸ್ತೆಗೆ ಬಾರದು. ಬೇಗ ಪುಡಿಪುಡಿಯಾದರೆ ಜಿಗುಟು ಹೋಗಿದೆಯೆಂದು ಅರ್ಥ. ನಾನು ಬೇವಿನ ಬುಡದಲ್ಲಿ ಕೂತು ಗಂಭೀರವಾಗಿ ಮಣ್ಣು ಹೊಸೆಯುತ್ತಿದ್ದೆ. ಎದುರಿನ ಕಟ್ಟೆಯ ಮೇಲೆ ಬೇಸಿಗೆಯ ಶಾವಿಗೆ ಮಾಡಲು ಓಣಿಯ ಹೆಂಗಸರು ಸೇರಿದ್ದರು.

"ನೋಡ್ರವ್ವಾ, ಸಾಹೇಬ್ರು ಕರಿ ಶಾವಿಗಿ ಹೊಸೆಯಾಕತ್ಯಾರ" ಎಂದು ಯಜಮಾನಿ ಅವರಿಗೆ ಕೂಗಿ ಹೇಳಿದಳು. ಹಿಟ್ಟಿನ ಕೈಯಲ್ಲೇ ಎಲ್ಲರೂ ಬಂದು ಸುತ್ತ ನಿಂತರು. ಎರೆಮಣ್ಣಿನ ಎಳೆ ಉದ್ದಕ್ಕೆ ಬಂತು. ಚಲೋ ಬಂದದ ಎಂದು ಮೆಚ್ಚಿದರು. ಆಮೇಲೆ ಸುಣ್ಣ ಬೆರೆಸಿ ಇಟ್ಟಿದ್ದ ಮಣ್ಣನ್ನು ಹೊಸೆದೆ. ಅದು ಬೆರಳ ಕೆಳಗೇ ಪುಡಿಯಾಯಿತು.

"ಅಯ್ಯ, ಕೆಟ್ಟೋತಲ್ರಿ ಹಿಟ್ಟು" ಎಂದು ಯಜಮಾನಿ ಮರುಗಿದಳು.

"ಎಳಿ ಬರಬಾರದು ಅಂತನ ಮಾಡೀನಮ್ಮಾ."

"ಎಳಿ ಬರಬಾರದು ಅಂತ ಶಾವಿಗಿ ಹೊಸೆಯೋದು ಸರ್ಕಾರದಾಗ ಅಷ್ಟ ನಡೀತದ ನೋಡ್ರಿ" ಎಂದು ಹೇಳಿ ಆಕೆ ತನ್ನ ಮಣೆಗೆ ಹಿಂದಿರುಗಿದಳು.

ಸುಣ್ಣದ ಚೀಲಗಳು ಬಂದ ದಿನ ಹಳ್ಳಿಯ ಬುದ್ಧಿ ಕೆಲಸ ಮಾಡಲು ಶುರುಮಾಡಿತು. ನಮ್ಮ ಕಡೆ ರಸ್ತೆಯ ಅಂಚಿಗೆ ಸುಣ್ಣದ ಪುಡಿ ಬಿತ್ತೆಂದರೆ ಅದಕ್ಕೆ ಒಂದೇ ಅರ್ಥ: ದೊಡ್ಡವರು ಯಾರೋ ಬರುತ್ತಿದ್ದಾರೆ. ಶಾಸಕರಿಗೆ ಒಂದು ಕಡೆ ಗೆರೆ, ಮಂತ್ರಿಗಳಿಗೆ ಎರಡೂ ಕಡೆ ಗೆರೆ. ಇದು ಎಲ್ಲಿಯೂ ಬರೆದಿಟ್ಟ ನಿಯಮವಲ್ಲ, ಆದರೆ ಬರೆದಿಟ್ಟ ನಿಯಮಗಳಿಗಿಂತ ಚೆನ್ನಾಗಿ ಪಾಲನೆಯಾಗುತ್ತದೆ. ಈಗ ನೋಡಿದರೆ ಗೆರೆಯಲ್ಲ, ಅಂಚಿನಿಂದ ಅಂಚಿಗೆ ಹಾದಿಯ ಮೈತುಂಬ ಸುಣ್ಣ. ಎರಡು ಗೆರೆಗೆ ಮಂತ್ರಿಯಾದರೆ ಇಷ್ಟಕ್ಕೆ ಯಾರು? ಹಳ್ಳಿ ಲೆಕ್ಕ ಹಾಕಿತು, ಉತ್ತರ ಕಂಡು ಬೆವರಿತು.

ಊರಿನ ಎಲ್ಲರೂ ಮುತ್ಯಾ, ಅಂದರೆ ಅಜ್ಜ, ಎಂದು ಕರೆಯುವ ಒಬ್ಬ ಹಿರಿಯ ಕೋಲೂರಿಕೊಂಡು ನನ್ನ ಬಳಿ ಬಂದ.

"ಸಾಹೇಬ್ರ, ಯಾರ ಬರಾಕತ್ಯಾರ?"

"ಯಾರೂ ಇಲ್ಲ ಮುತ್ಯಾ. ಮಣ್ಣು ಗಟ್ಟಿ ಆಗ್ಲಿ ಅಂತ ಸುಣ್ಣ ಹಾಕೀವಿ."

"ಹೇಳಬ್ಯಾಡ ಅಂತ ಮ್ಯಾಲಿನವ್ರು ಹುಕುಂ ಮಾಡ್ಯಾರೇನು?"

"ಖರೇನ ಯಾರೂ ಬರಂಗಿಲ್ಲ ಮುತ್ಯಾ."

"ಆತು ಬಿಡ್ರಿ" ಎಂದು ಮುತ್ಯಾ ಕಣ್ಣು ಮಿಟುಕಿಸಿದ. "ನೌಕರಿ ಅಂದ ಮ್ಯಾಲ ಹಂಗ ಇರಬೇಕು. ನಮಗ ತಿಳೀತು."

ಅಂದಿನ ಮಧ್ಯಾಹ್ನವೇ ಯಜಮಾನಿಯ ಮಗ ತನ್ನ ಟ್ರ್ಯಾಕ್ಟರಿಗೆ ರೋಟಾವೇಟರ್ ಕಟ್ಟಿಕೊಂಡು ಬಂದು ಸುಣ್ಣವನ್ನೂ ಮಣ್ಣನ್ನೂ ಕಲಸತೊಡಗಿದ. ಬೆಳ್ಳಗೆ ಹಾಸಿದ್ದೆಲ್ಲ ನೋಡನೋಡುತ್ತ ಬೂದಿಯ ಬಣ್ಣಕ್ಕೆ ತಿರುಗಿತು. ಹಳ್ಳಿಗೆ ಎದೆಯೊಡೆದಂತಾಯಿತು. ಪ್ರೋಗ್ರಾಂ ಮುಂದಕ್ಕೆ ಹೋಗಿದೆ ಎಂದು ಸುದ್ದಿ ಹಬ್ಬಿತು. ಮರುದಿನ ಟ್ಯಾಂಕರ್ ಬಂದು ಹಾದಿಗೆ ನೀರು ಹೊಡೆಯಿತು. ದೊಡ್ಡವರ ಕಾರಿಗೆ ಧೂಳು ಏಳಬಾರದೆಂದು ನೀರು ಹೊಡೆಯುವುದನ್ನು ಎಲ್ಲರೂ ಕಂಡವರೇ. ಪ್ರೋಗ್ರಾಂ ಮತ್ತೆ ಖಾಯಂ ಆಯಿತು. ಆಮೇಲೆ ರೋಲರ್ ಬಂತು. ಅದಾದ ಮೇಲೆ ನಾನು ಹಾದಿಯ ಎರಡೂ ತುದಿಗೆ ಜಾಲಿಮುಳ್ಳು ಇಡಿಸಿ, ಒಂದು ವಾರ ಯಾರೂ ಗಾಡಿ ಹತ್ತಿಸಬಾರದು, ಮಣ್ಣು ತೇವದಲ್ಲಿ ಮಾಗಬೇಕು ಎಂದು ಸಾರಿಸಿದೆ. ಬಂದೋಬಸ್ತ್ ಕೂಡ ಶುರುವಾಯಿತೆಂದ ಮೇಲೆ ಇನ್ನು ಅನುಮಾನಕ್ಕೆ ಎಡೆಯೇ ಉಳಿಯಲಿಲ್ಲ. ನಾನು ಬಾಯಿ ತೆರೆದು ಹೇಳಿದ ಪ್ರತಿ ಸತ್ಯವೂ ನನ್ನ ಗುಟ್ಟು ಕಾಯುವ ಶಕ್ತಿಗೆ ಪುರಾವೆಯಾಗಿ ದಾಖಲಾಗುತ್ತಿತ್ತು.

ಈ ಗದ್ದಲದಲ್ಲಿ ಬಾಯಿ ತೆರೆಯದವನೆಂದರೆ ವರ ಒಬ್ಬನೇ. ದಿನವಿಡೀ ಸುಣ್ಣದ ಧೂಳಿನಲ್ಲಿ ಕೂತು ಅವನ ತಲೆ, ಹುಬ್ಬು, ರೆಪ್ಪೆ ಎಲ್ಲ ಬಿಳಿಯಾಗಿದ್ದವು. ನಾನು ಕೊಟ್ಟ ಮುಖಗವಸನ್ನು ಅವನು ಮೂಗಿಗೆ ಕಟ್ಟಿಕೊಂಡು ಉಳಿದದ್ದನ್ನು ದೇವರಿಗೆ ಬಿಟ್ಟಿದ್ದ. ಸಂಜೆ ಇಳಿದು ಬಂದಾಗ ತಾಯಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಕನ್ಯಾದವ್ರು ಈಗ ಬಂದ್ರ ವರ ಎಲ್ಲದಾನ ಮುತ್ಯಾ ಅಂತ ಇವನ್ನ ಕೇಳ್ತಾರ" ಎಂದಳು. "ಹೋಗು, ಜಳಕ ಮಾಡು."

ಅವನು ಹೋಗಿ ಜಳಕ ಮಾಡಿದ.

ಮಣ್ಣು ಮಾಗುವ ವಾರ ಇನ್ನೂ ಅರ್ಧ ಮುಗಿದಿರಲಿಲ್ಲ, ಪಂಚಾಯ್ತಿಯ ಮೆಂಬರ್ ರಂಗಕ್ಕೆ ಇಳಿದ. ಒಳ್ಳೆಯ ಮನುಷ್ಯ, ಯಾರಿಗಾದರೂ ಹಾರ ಹಾಕದಿದ್ದರೆ ಅವನಿಗೆ ಕೈ ನೋಯುತ್ತದೆ. ಸ್ವಾಗತದ ಬ್ಯಾನರ್ ಒಂದನ್ನು ಕೆಂಭಾವಿಯಲ್ಲಿ ಮಾಡಿಸಿಕೊಂಡು ಬಂದಿದ್ದ. ಬರುವವರು ಯಾರೆಂದು ತಿಳಿಯದ ಕಾರಣ 'ಸನ್ಮಾನ್ಯ' ಮತ್ತು 'ಅವರಿಗೆ' ಎಂಬ ಎರಡು ಶಬ್ದಗಳ ನಡುವೆ ಸಾಕಷ್ಟು ಜಾಗ ಬಿಡಿಸಿದ್ದ. ದೊಡ್ಡ ರಸ್ತೆಯಲ್ಲಿ ಎರಡು ಟ್ರ್ಯಾಕ್ಟರ್ ತುಂಬ ಪಕ್ಕದ ಊರಿನ ಜನ, ಹಲಗೆ ಬಾರಿಸುವವರು ಸಮೇತ, ಕಾದು ನಿಂತಿದ್ದರು. ಮೆಂಬರ್ ನನ್ನ ಜಾಲಿಮುಳ್ಳನ್ನು ಸರಿಸಲು ಹೊರಟ. ಆ ಹಸಿ ಮಣ್ಣಿನ ಮೇಲೆ ತುಂಬಿದ ಟ್ರ್ಯಾಕ್ಟರ್ ಎರಡು ಹತ್ತಿದರೆ ಗಾಲಿಗುಂಡಿ ಬಿದ್ದು, ಮಳೆಯ ನೀರು ಅದರಲ್ಲಿ ನಿಂತು, ಮಾಡಿದ್ದೆಲ್ಲ ಮಣ್ಣಾಗುತ್ತಿತ್ತು. ನಾನು ಕೊಡೆ ಎತ್ತಿಕೊಂಡು ಓಡಿದೆ. ಕಿರಿಯನಾದರೂ ಓಡುವ ವಯಸ್ಸಲ್ಲ.

ನಾನು ಮುಟ್ಟುವಷ್ಟರಲ್ಲಿ ಯಜಮಾನಿ ಅಲ್ಲಿದ್ದಳು. ಹೊಲದಲ್ಲಿದ್ದವಳು ಅಡ್ಡಹಾದಿಯಿಂದ ಬಂದು, ನಾನು ಇರಿಸಿದ್ದ ರಾತ್ರಿ ಕಾವಲಿನವನ ಹೊರಸು ಮಂಚವನ್ನು ಎಳೆದು ರಸ್ತೆಯ ಅಡ್ಡಕ್ಕೆ ಹಾಕಿ, ಅದರ ಮೇಲೆ ಕಾಲು ಮಡಚಿ ಕೂತಿದ್ದಳು.

"ಚಿಗವ್ವಾ, ಬಾಜೂಕ ಸರಿ" ಎಂದ ಮೆಂಬರ್. "ದೊಡ್ಡ ಮಂದಿ ಬರಾಕತ್ಯಾರ."

"ಬರ್ಲಿ. ಬದುವಿನ ಮ್ಯಾಲಿಂದ ನಡಕೊಂತ ಬರ್ಲಿ. ನಾವು ಹುಟ್ಟಿದಾಗಿಂದ ಹಂಗ ಬರಾಕತ್ತೀವಿ."

"ಮಂತ್ರಿಗಳ ಹಾದೀಗಿ ಅಡ್ಡ ಕುಂದರ್ತಿ ಏನು?"

"ಇದು ನನ್ನ ಸೊಸಿ ಹಾದಿ."

"ಎಲ್ಲದಾಳ ನಿನ್ನ ಸೊಸಿ?"

"ಎಲ್ಲದಾನ ನಿನ್ನ ಮಂತ್ರಿ?"

ಟ್ರ್ಯಾಕ್ಟರಿನಲ್ಲಿ ಕೂತವರು ನಕ್ಕುಬಿಟ್ಟರು. ಹಲಗೆಯವನೊಬ್ಬ ತಡೆಯಲಾರದೆ ಎರಡು ಪೆಟ್ಟು ಹೊಡೆದ. ಮೆಂಬರ್ ನನ್ನ ಕಡೆ ತಿರುಗಿ, ಕೊನೆಯ ಆಸೆಯಿಂದ, ಕಿವಿಯಲ್ಲಿ ಕೇಳಿದ: "ಸಾಹೇಬ್ರ, ನನಗೊಬ್ಬನಿಗೆ ಹೇಳ್ರಿ. ಯಾರು?"

"ಗೋಗಿಯವ್ರು" ಎಂದೆ. "ಹುಡುಗಿ, ಆಕಿ ಸೋದರಮಾವ. ಮಳಿ ಆದ ಮ್ಯಾಲ."

ಅವನು ಬ್ಯಾನರ್ ಸುತ್ತಿ ಕಂಕುಳಿಗೆ ಸೇರಿಸಿದ. ಇಂಥ ಗುಟ್ಟಿನ ಮನುಷ್ಯನನ್ನು ಅವನು ಕಂಡೇ ಇರಲಿಲ್ಲವೆಂದು ತೋರುತ್ತದೆ. ಟ್ರ್ಯಾಕ್ಟರುಗಳು ತಿರುಗಿದವು. ಕೊನೆಗೂ ಯಾರೂ ಬಾರದಿದ್ದಾಗ, ಬೆಳ್ಳಗಿನ ಸುಣ್ಣವನ್ನು ಮಣ್ಣಿಗೆ ಕಲಸಿ ಅಪಶಕುನ ಮಾಡಿದ್ದೇ ಪ್ರೋಗ್ರಾಂ ತಪ್ಪಲು ಕಾರಣವೆಂದು ಹಳ್ಳಿ ತೀರ್ಮಾನಿಸಿತು. ನಾನು ಆ ತೀರ್ಮಾನಕ್ಕೆ ತಲೆಬಾಗಿದೆ. ವಾರ ತುಂಬಿದ ಮೇಲೆ ಗಟ್ಟಿಯಾದ ಮಣ್ಣಿನ ಮೇಲೆ ತೆಳ್ಳಗೆ ಜಲ್ಲಿ, ಡಾಂಬರು ಬಿದ್ದು ರಸ್ತೆಯೆಂಬ ಹೆಸರು ಬಂತು.

ಮಿರಗ ಆ ಸಲ ಮಾತು ತಪ್ಪಲಿಲ್ಲ. ಒಂದು ಇಡೀ ಮಧ್ಯಾಹ್ನ ಸುರಿಯಿತು. ಮರುದಿನ ಬೆಳಿಗ್ಗೆ ಫೋನ್ ಬಂತು.

"ಸಾಹೇಬ್ರ, ಅವ್ರು ಇವತ್ತ ಬರಾಕತ್ಯಾರ. ನೀವೂ ಬರಬೇಕು."

"ನಾ ಯಾಕಮ್ಮಾ? ನಾ ವರನ ಕಡಿಯವ ಅಲ್ಲ."

"ಸಡಕಿನ ಕಡಿಯವ್ರು ಹೌದಲ್ರಿ? ಬರ್ರಿ."

ಮೋಟರ್ ಸೈಕಲ್ ತೆಗೆದೆ. ಕೆಂಭಾವಿ ದಾಟುವವರೆಗೆ ಧೈರ್ಯ ಇತ್ತು. ಎರೆಹೊಲಗಳಲ್ಲಿ ನಿಂತ ನೀರು ಕಂಡಮೇಲೆ ಅದು ಕಡಿಮೆಯಾಗುತ್ತ ಬಂತು. ಪ್ರಯೋಗಶಾಲೆಯ ಅಂಕಿಗಳಿಗೆ ಕೆಸರು ಹೇಗಿರುತ್ತದೆಂದು ಗೊತ್ತಿರುವುದಿಲ್ಲ. ತಿರುವಿನಲ್ಲಿ ಕಣ್ಣು ಅರ್ಧ ಮುಚ್ಚಿಕೊಂಡೇ ಹತ್ತಿಸಿದೆ. ಗಾಡಿ ಸರಾಗವಾಗಿ ಹೋಯಿತು. ರಸ್ತೆ ತೊಳೆದ ಹಲಗೆಯಂತೆ ಮಲಗಿತ್ತು. ನಾನು ಇಳಿದು, ಯಾರೂ ಇಲ್ಲದ್ದನ್ನು ನೋಡಿಕೊಂಡು, ಅದರ ಮೇಲೆ ಎರಡು ಸಲ ಕುಣಿದೆ.

ಕ್ರೂಸರ್ ಹನ್ನೊಂದರ ಹೊತ್ತಿಗೆ ಬಂತು. ಬಾಗಿಲಿಗೆ ಬರುವ ಮುಂಚೆಯೇ ಸೋದರಮಾವ ಅದನ್ನು ಅರ್ಧ ಹಾದಿಯಲ್ಲಿ ನಿಲ್ಲಿಸಿದ. ಇಳಿದು, ಧೋತರ ಎತ್ತಿಕಟ್ಟಿ, ಕೊಡೆಯ ಚೂಪು ತುದಿಯಿಂದ ರಸ್ತೆಯನ್ನು ಮೂರು ಕಡೆ ಚುಚ್ಚಿದ. ಹತ್ತಿಯ ಮೂಟೆಯೊಳಗೆ ಕೈ ಹಾಕಿ ಮೋಸ ಹುಡುಕಿ ರೂಢಿಯಾದ ಮನುಷ್ಯ. ಅಂಚಿನ ಮಣ್ಣನ್ನೂ ಚಿವುಟಿ ಬೆರಳಲ್ಲಿ ಉಜ್ಜಿ ನೋಡಿದ. ಚಪ್ಪಲಿಯನ್ನು ಬಿಟ್ಟು, ಮತ್ತೆ ಮೆಟ್ಟಿ, ಒಂದು ಕಾಲಿನ ಮೇಲೆ ನಿಂತ. ಆಮೇಲೆ ಗಾಡಿಗೆ ಕೈ ಬೀಸಿದ. ಕ್ರೂಸರ್ ಯಜಮಾನಿಯ ಬಾಗಿಲಲ್ಲಿ ಬಂದು ನಿಂತಿತು.

ಎಲ್ಲರೂ ಜಗಲಿಯ ಮೇಲೆ ಕೂತರು: ಮಾವ, ಹುಡುಗಿಯ ತಾಯಿ, ಹುಡುಗಿ, ಆಹ್ವಾನವಿಲ್ಲದ ಮೆಂಬರ್, ಮುತ್ಯಾ, ನಾನು. ಹುಡುಗ ಹೊಸ ಬಿಳಿ ಅಂಗಿ ತೊಟ್ಟು ಕಂಬಕ್ಕೆ ಆತು ನಿಂತಿದ್ದ. ಚಹಾ ಬಂತು. ಹೆಣ್ಣಿನ ಕಡೆಯವರು ಮುಟ್ಟಲಿಲ್ಲ. ಮಾತು ಗಟ್ಟಿಯಾಗುವವರೆಗೆ ಗಂಡಿನ ಮನೆಯ ಚಹಾ ಕುಡಿಯುವ ಪದ್ಧತಿ ಅವರಲ್ಲಿ ಇಲ್ಲ. ಕುಡಿದರೆ ಒಪ್ಪಿದಂತೆ. ಲೋಟಗಳು ಸಾಲಾಗಿ ಕೂತು ಆರುತ್ತಿದ್ದವು.

"ಹಾದಿ ಬರೋಬರಿ ಅದ" ಎಂದು ಮಾವ ಮೊದಲ ತೀರ್ಪು ಕೊಟ್ಟ. ಯಜಮಾನಿ ಉಸಿರು ಬಿಟ್ಟಳು. ಆಗ ಹುಡುಗಿ ನನ್ನ ಕಡೆ ತಿರುಗಿದಳು.

"ಇದು ಮಾಡಿದವ್ರು ನೀವ ಏನ್ರಿ ಸರ್?"

"ಹೌದವ್ವಾ."

"ನಾ ದಿನಾ ಕೆಂಭಾವಿಗಿ ಸ್ಕೂಟಿ ಮ್ಯಾಲ ಹೋಗಿ ಬರಬೇಕು. ನೌಕರಿ ಬಿಡಂಗಿಲ್ಲ. ಈ ಮಳಿಗಾಲಕ್ಕ ಆತು ಅಂತ ಹಿಡೀರಿ. ಮುಂದಿನ ಮಳಿಗಾಲಕ್ಕ ಇರ್ತದೇನ್ರಿ ಇದು?"

ನನ್ನ ಇಡೀ ಸೇವೆಯಲ್ಲಿ ಇಂಥ ಪ್ರಶ್ನೆಗೆ ನಾನು ಕೊಟ್ಟ ಉತ್ತರ ಒಂದೇ: ನಿರ್ವಹಣಾ ಅವಧಿಯ ಷರತ್ತುಗಳಿಗೆ ಒಳಪಟ್ಟು. ಅದು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆಕೆ ಸೂಜಿ ಹಿಡಿದು ನಿಂತವರು ನೋಡುವ ಹಾಗೆ ನೋಡುತ್ತಿದ್ದಳು.

"ಮಣ್ಣು ಮುಂದಿನ ವರ್ಷ ಇದಕ್ಕಿಂತ ಗಟ್ಟಿ ಆಗಿರ್ತದ" ಎಂದೆ. "ಆದ್ರ ಮಗ್ಗಲದಾಗ ನೀರು ನಿಲ್ಲಬಾರದು. ಎರಡೂ ಕಡಿ ಕಾಲುವಿ ಮಾಡೀವಿ, ಹೊಲದ ಮಣ್ಣು ಜಾರಿ ಅದು ಮುಚ್ಚತದ. ಮುಚ್ಚಿದ್ರ ನೀರು ಸಡಕಿನ ಹೊಟ್ಟಿಗಿ ಇಳೀತದ. ಆಮ್ಯಾಲ ಸುಣ್ಣದ ಕೈಯಾಗೂ ಏನಿಲ್ಲ, ನನ್ನ ಕೈಯಾಗೂ ಏನಿಲ್ಲ."

"ಅಂದ್ರ ಖಾತ್ರಿ ಇಲ್ಲ ಅಂದಂಗಾತು" ಎಂದ ಮಾವ, ಕೊಡೆಯನ್ನು ಕೈಗೆ ತೆಗೆದುಕೊಳ್ಳುತ್ತ.

ಯಜಮಾನಿ ನನ್ನನ್ನು ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಒಂದು ಬೇಸಿಗೆಯ ಚಹಾ ಪೂರ್ತಿ ಅದರಲ್ಲಿ ವಾಪಸು ಕೇಳಿದಂತಿತ್ತು.

"ಕಾಲುವಿ ಯಾರು ತೆಗೀಬೇಕ್ರಿ?" ಎಂದು ಹುಡುಗಿ ಕೇಳಿದಳು.

"ಪಂಚಾಯ್ತಿಯವ್ರು" ಎಂದೆ. ಎಲ್ಲರೂ ಮೆಂಬರನನ್ನು ನೋಡಿದರು. ಮೆಂಬರ್ ಮೋಡ ನೋಡಿದ.

"ನಾ ತೆಗೀತೀನ್ರಿ."

ಯಾರ ದನಿ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಕಂಬಕ್ಕೆ ಆತು ನಿಂತವನು ಮಾತಾಡಿದ್ದ. ತಾಯಿಯೂ ತಿರುಗಿ ನೋಡಿದಳು.

"ಪ್ರತಿ ವರ್ಷಾ?" ಎಂದು ಹುಡುಗಿ ಕೇಳಿದಳು.

"ಪ್ರತಿ ವರ್ಷಾ."

"ಈಗ ಎಲ್ಲೆರ ಮುಚ್ಚ್ಯಾದೇನ್ರಿ?"

ಅವನು ಸುಳ್ಳು ಹೇಳಬಹುದಿತ್ತು. ಮಾತಿನ ರೂಢಿ ಇಲ್ಲದವನಿಗೆ ಸುಳ್ಳಿನ ರೂಢಿ ಎಲ್ಲಿಂದ ಬರಬೇಕು? "ನಿನ್ನಿ ಮಳಿಗಿ ನಮ್ಮ ಹೊಲದ ಮೂಲ್ಯಾಗ ಮುಚ್ಚ್ಯಾದ್ರಿ" ಎಂದ.

"ಮತ್ತ ಇಲ್ಲಿ ನಿಂತೀರಲ್ಲ?"

ಅವನು ಒಳಗೆ ಹೋದ, ಸಲಿಕೆ ಹಿಡಿದು ಹೊರಗೆ ಬಂದ, ಹೊಸ ಬಿಳಿ ಅಂಗಿಯ ತೋಳು ಮಡಚುತ್ತ ರಸ್ತೆಗೆ ಇಳಿದ.

"ಏ ಹುಡುಗಿ, ಇನ್ನಾ ಮಾತುಕತಿ ಆಗಿಲ್ಲ! ಈಗ ಕೆಲಸಕ್ಕ ಹಚ್ಚಿದೇನು ಅವನ್ನ?" ಎಂದು ಮಾವ ಗಾಬರಿಯಾದ.

"ಹಚ್ಚಲಿ ಬಿಡ್ರಿ" ಎಂದಳು ಯಜಮಾನಿ. "ನಾ ಹಚ್ಚಿ ಹಚ್ಚಿ ಸಾಕಾಗೀನಿ."

ಹುಡುಗಿ ಎದ್ದು ಜಗಲಿಯ ಅಂಚಿಗೆ ಹೋಗಿ ನಿಂತಳು. ಹೊಲದ ಮೂಲೆ ಅಲ್ಲಿಂದ ಕಾಣುತ್ತಿತ್ತು. ಮೊದಲು ಸಲಿಕೆ ಏಳುವುದು ಕಂಡಿತು, ಆಮೇಲೆ ಕರಿಮಣ್ಣಿನ ಹೆಂಟೆಗಳು ಬದುವಿನ ಆಚೆ ಬೀಳುವುದು. ಬಿಳಿ ಅಂಗಿ ಬಹಳ ಹೊತ್ತು ಬಿಳಿಯಾಗಿ ಉಳಿಯಲಿಲ್ಲ.

"ಇನ್ನೊಂದೀಟು ಆಳ ಬರ್ಲಿ" ಎಂದು ಆಕೆ ಕೂಗಿದಳು.

ಆಳ ಬಂತು. ನಿಂತ ನೀರು ಮೊದಲು ಅಲುಗಿತು, ಆಮೇಲೆ ದಾರಿ ಕಂಡು ಹಳ್ಳದ ಕ‍ಡೆ ಹರಿಯತೊಡಗಿತು. ಅದು ಪೂರ್ತಿ ಇಳಿಯುವವರೆಗೆ ಆಕೆ ನಿಂತು ನೋಡಿದಳು. ಹಿಂದಿರುಗಿ ಬಂದು, ತನ್ನ ಜಾಗದಲ್ಲಿ ಕೂತು, ಆರಿ ಕೆನೆಗಟ್ಟಿದ ಚಹಾದ ಲೋಟವನ್ನು ಎತ್ತಿಕೊಂಡಳು.

ಮಾವ ಕೊಡೆ ಕೆಳಗಿಟ್ಟು ತನ್ನ ಲೋಟಕ್ಕೆ ಕೈ ಚಾಚಿದ.

"ತಡೀರಿ ಅಣ್ಣಾರ" ಎಂದು ಯಜಮಾನಿ ಒಳಗೆ ಓಡಿದಳು. "ಬಿಸಿದು ತರ್ತೀನಿ."